ಒಂಟಿ ತೋಟಾ ರೈಫಲ್‌ನ ಬಿಗಿ ಟ್ರಿಗರ್: ಹಗುರ ಮಾಡುವ ಮುಂಚೆ ನಯ ಮಾಡಿ

ಬೇಟೆಗೆ ಬಳಸುವ ಒಂಟಿ ತೋಟಾ ರೈಫಲ್‌ಗಳಲ್ಲಿ ಹೆಚ್ಚಿನವು ಸರಳ, ಗಟ್ಟಿಮುಟ್ಟು, ನಂಬಿಕಸ್ಥ. ಆದರೆ ಟ್ರಿಗರ್ ಮಾತ್ರ ಹಲವು ಸಲ ಕಲ್ಲಿನಷ್ಟು ಬಿಗಿ. ರೈಫಲ್‌ನ ತೂಕವೇ ಮೂರೂವರೆ ಕಿಲೋ, ಟ್ರಿಗರ್ ಎಳೆಯಲು ಬೇಕಾದ ಬಲ ಮೂರು ಕಿಲೋ ಅಂದರೆ ಏನಾಗುತ್ತದೆ ಹೇಳಿ? ಬೆರಳು ಎಳೆದ ಕಡೆಗೇ ನಳಿಗೆಯೂ ಹೊರಳುತ್ತದೆ. ಗುರಿ ಸರಿಯಾಗೇ ಇತ್ತು, ಗುಂಡು ಮಾತ್ರ ಬೇರೆಲ್ಲೋ ಹೋಯಿತು. ಮರುಕ್ಷಣಕ್ಕೆ ಎರಡನೇ ತೋಟಾ ಸಿದ್ಧವಿಲ್ಲದ ಬಂದೂಕಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಇಂಥ ಟ್ರಿಗರ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಯೋಚಿಸುವುದು ಸ್ಪ್ರಿಂಗ್ ಬದಲಿಸುವ ಬಗ್ಗೆ, ಇಲ್ಲವೇ ಒಳಗಿನ ಉಕ್ಕನ್ನು ಉಜ್ಜುವ ಬಗ್ಗೆ. ನನ್ನ ಅಭಿಪ್ರಾಯದಲ್ಲಿ ಇವೆರಡೂ ಕೊನೆಯ ಮಾತು. ಬೆರಳಿಗೆ ‘ಬಿಗಿ’ ಅನ್ನಿಸುವುದರಲ್ಲಿ ಅರ್ಧಕ್ಕರ್ಧ ನಿಜವಾದ ಬಲವೇ ಅಲ್ಲ. ಅದು ಒರಟುತನ, ಕೊಳೆ, ಎಲ್ಲೋ ಒಂದು ಕಡೆ ಉಜ್ಜಿಕೊಳ್ಳುತ್ತಿರುವ ಲೋಹ. ಅದನ್ನು ತೆಗೆದರೆ ಅದೇ ಟ್ರಿಗರ್ ಬೇರೆಯದೇ ಅನ್ನಿಸುತ್ತದೆ, ಸುರಕ್ಷತೆಗೂ ಧಕ್ಕೆ ಇಲ್ಲ.

ಕೆಲಸ ಶುರು ಮಾಡುವ ಮುಂಚೆ ಎರಡು ಮಾತು. ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಬಂದೂಕು ಬಿಚ್ಚಿ, ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ, ತೋಟಾ ಕೂರುವ ಕೋಣೆ (ಚೇಂಬರ್) ಖಾಲಿ ಅಂತ ಖಾತ್ರಿ ಮಾಡಿಕೊಳ್ಳಿ. ಇದು ಪ್ರತಿ ಸಲ ಮಾಡಬೇಕಾದ ಕೆಲಸ, ಊಟ ಮುಗಿಸಿ ವಾಪಸ್ ಬಂದು ಕೂತಾಗಲೂ ಸಹ. ಇನ್ನೊಂದು, ಬಂದೂಕಿನ ಒಳಭಾಗ ಮುಟ್ಟಿದರೆ ತಯಾರಕರ ವಾರಂಟಿ ಹೋಗಬಹುದು. ಇಂಥ ಕೆಲಸದ ಬಗ್ಗೆ ನೀವಿರುವ ಕಡೆಯ ಕಾನೂನು ಏನು ಹೇಳುತ್ತದೆ ಅಂತಲೂ ಮೊದಲೇ ನೋಡಿಕೊಳ್ಳಿ.

ಮೊದಲು ಅಳತೆ

ಬೆರಳಿನ ಲೆಕ್ಕ ನಂಬಬೇಡಿ. ಟ್ರಿಗರ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೀರಿನ ಬಾಟಲಿ ಸಾಕು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಅಲ್ವಾ? ಗಟ್ಟಿ ತಂತಿಯಲ್ಲಿ ಕೊಕ್ಕೆ ಮಾಡಿ, ದೊಡ್ಡ ಪ್ಲಾಸ್ಟಿಕ್ ಬಾಟಲಿಯ ಕತ್ತಿಗೆ ಕಟ್ಟಿ. ರೈಫಲ್‌ನ ಕೋಣೆಯಲ್ಲಿ ಸ್ನ್ಯಾಪ್ ಕ್ಯಾಪ್ ಅಂದರೆ ಡಮ್ಮಿ ತೋಟಾ ಹಾಕಿ. ಮೂತಿ ಮೇಲೆ ಮಾಡಿ ನೇರ ನಿಲ್ಲಿಸಿ, ಇನ್ನೊಬ್ಬರು ಹಿಡಿದುಕೊಂಡರೆ ಅನುಕೂಲ. ಹ್ಯಾಮರ್, ಅಂದರೆ ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆಯನ್ನು, ಎಳೆದು ನಿಲ್ಲಿಸಿ, ಕೊಕ್ಕೆಯನ್ನು ಟ್ರಿಗರ್‌ನ ಬಾಗಿನ ನಡುವೆ ಸಿಕ್ಕಿಸಿ. ತಂತಿ ಮರದ ಹಿಡಿಗೆ ತಾಗಬಾರದು. ಬಾಟಲಿ ನೆಲದಿಂದ ಸ್ವಲ್ಪವೇ ಮೇಲಿರಲಿ. ಈಗ ನಿಧಾನವಾಗಿ ನೀರು ಸುರಿಯಿರಿ. ಹ್ಯಾಮರ್ ಬಿದ್ದ ಕ್ಷಣ ನಿಲ್ಲಿಸಿ, ಬಾಟಲಿಯನ್ನು ಕೊಕ್ಕೆಯ ಸಮೇತ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ.

ಇದನ್ನು ಹತ್ತು ಸಲ ಮಾಡಿ ಬರೆದಿಡಿ. ಬೇಜಾರಿನ ಕೆಲಸ, ನಿಜ. ಆದರೆ ಸರಾಸರಿಗಿಂತ ಮುಖ್ಯವಾದ ಸಂಗತಿ ಇಲ್ಲಿ ಗೊತ್ತಾಗುತ್ತದೆ: ಅಂಕಿಗಳು ಎಷ್ಟು ಚದುರಿವೆ ಅನ್ನುವುದು. ಹತ್ತೂ ಸಲ 2.8 ಕಿಲೋ ಆಸುಪಾಸಿನಲ್ಲೇ ಬಂದರೆ ಟ್ರಿಗರ್ ಬಿಗಿ, ಆದರೆ ಆರೋಗ್ಯವಾಗಿದೆ. ಒಮ್ಮೆ 2.3, ಒಮ್ಮೆ 3.1 ಬಂದರೆ ಒಳಗೆ ಎಲ್ಲೋ ತಿಕ್ಕಾಟ ಅಥವಾ ಕೊಳೆ ಇದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಎಷ್ಟಕ್ಕೆ ತರಬೇಕು? ಬೇಟೆ ರೈಫಲ್‌ಗೆ 1.4ರಿಂದ 1.8 ಕಿಲೋ, ಅಂದರೆ 3ರಿಂದ 4 ಪೌಂಡ್, ಬಹಳ ಜನ ಒಪ್ಪುವ ಲೆಕ್ಕ. ಅದಕ್ಕಿಂತ ಕೆಳಗೆ ಹೋಗುವ ಆಸೆ ಬೇಡ. ಗುರಿ ಸ್ಪರ್ಧೆಯ ರೈಫಲ್ ಮೇಜಿನ ಮೇಲೆ ಕೂತಿರುತ್ತದೆ. ಬೇಟೆಯ ರೈಫಲ್ ಪೊದೆಗೆ ತಾಗುತ್ತದೆ, ಕಲ್ಲಿಗೆ ಬಡಿಯುತ್ತದೆ, ಅದನ್ನು ಹಿಡಿದ ಬೆರಳು ಚಳಿಗೆ ಮರಗಟ್ಟಿರುತ್ತದೆ ಅಥವಾ ಗ್ಲೌಸ್‌ನೊಳಗೆ ಇರುತ್ತದೆ.

ಬಿಚ್ಚದೆಯೇ ಮಾಡಬಹುದಾದದ್ದು

ನಿಮ್ಮ ಬೆರಳು ಟ್ರಿಗರ್‌ನ ಮೇಲೆ ಎಲ್ಲಿ ಕೂರುತ್ತದೆ ನೋಡಿ. ಟ್ರಿಗರ್ ಅಂದರೆ ಒಂದು ಸನ್ನೆಕೋಲು. ಅದು ತಿರುಗುವ ಪಿನ್ ಮೇಲ್ಗಡೆ ಇದೆ. ಬೆರಳು ಪಿನ್‌ಗೆ ಹತ್ತಿರ ಇದ್ದಷ್ಟೂ ಬಲ ಜಾಸ್ತಿ ಬೇಕು, ತುದಿಗೆ ಹೋದಷ್ಟೂ ಕಡಿಮೆ. ಬಾಗಿನ ಮೇಲ್ಭಾಗದಲ್ಲಿ ಎಳೆಯುವ ಅಭ್ಯಾಸ ಇದ್ದವರು ಬೆರಳನ್ನು ಸ್ವಲ್ಪ ಕೆಳಗೆ ಇಳಿಸಿದರೆ ಸಾಕು, ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಬಾಟಲಿ ಕೊಕ್ಕೆಯನ್ನೇ ಮೇಲೆ ಕೆಳಗೆ ಸರಿಸಿ ಅಳೆದು ನೋಡಿ, ನಂಬಿಕೆ ಬರುತ್ತದೆ.

ಆಮೇಲೆ ಮರ. ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಮರದ ಹಿಡಿ ತೇವಕ್ಕೆ ಉಬ್ಬಿ ಟ್ರಿಗರ್‌ನ ಪಕ್ಕಕ್ಕೆ ತಾಗುತ್ತಿರಬಹುದು. ಇಲ್ಲವೇ ಹಿಡಿಯ ಬೋಲ್ಟ್ ಅತಿಯಾಗಿ ಬಿಗಿದು ಟ್ರಿಗರ್ ಗಾರ್ಡ್ ಸ್ವಲ್ಪ ವಾಲಿರಬಹುದು, ಟ್ರಿಗರ್ ಹೊರಗೆ ಬರುವ ಸೀಳಿನ ಅಂಚಿಗೆ ಉಜ್ಜಿಕೊಳ್ಳುತ್ತಿರಬಹುದು. ಪರೀಕ್ಷೆ ಸುಲಭ. ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಅಳೆಯಿರಿ. ಅಂಕಿ ಇಳಿದರೆ ಕಳ್ಳ ಸಿಕ್ಕಿಬಿದ್ದ. ಮರವನ್ನು ಎಲ್ಲಿ ತಾಗುತ್ತಿದೆಯೋ ಅಲ್ಲಿ ಮಾತ್ರ ಉಪ್ಪುಕಾಗದದಿಂದ ಚೂರು ಉಜ್ಜಿ, ಬರಿ ಮರ ಕಂಡ ಕಡೆ ವಾರ್ನಿಷ್ ಹಚ್ಚಿ. ಇಲ್ಲದಿದ್ದರೆ ಮುಂದಿನ ಮಳೆಗೆ ಮತ್ತೆ ಉಬ್ಬುತ್ತದೆ.

ಬಿಚ್ಚುವುದು, ತೊಳೆಯುವುದು

ಒಳಗೆ ಏನಿದೆ ಅಂತ ಒಮ್ಮೆ ತಿಳಿದುಕೊಳ್ಳೋಣ. ಹ್ಯಾಮರನ್ನು ಮುಂದಕ್ಕೆ ದೂಡುವ ಬಲವಾದ ಮುಖ್ಯ ಸ್ಪ್ರಿಂಗ್ ಇದೆ. ಹ್ಯಾಮರ್‌ನಲ್ಲಿ ಒಂದು ಕಚ್ಚು, ಆ ಕಚ್ಚಿಗೆ ಸಿಕ್ಕಿಕೊಳ್ಳುವ ಉಕ್ಕಿನ ಅಂಚೇ ಸಿಯರ್. ಕೆಲವು ಬಂದೂಕುಗಳಲ್ಲಿ ಟ್ರಿಗರ್‌ನ ಮೇಲ್ತುದಿಯೇ ಸಿಯರ್, ಕೆಲವಲ್ಲಿ ಅದು ಬೇರೆ ತುಂಡು. ಟ್ರಿಗರ್ ಎಳೆದಾಗ ಸಿಯರ್ ಆ ಕಚ್ಚಿನಿಂದ ಜಾರಿ ಹೊರಬರುತ್ತದೆ, ಹ್ಯಾಮರ್ ಬೀಳುತ್ತದೆ. ಅಂದರೆ ನಿಮ್ಮ ಬೆರಳು ಮುಖ್ಯ ಸ್ಪ್ರಿಂಗ್‌ನ ಒತ್ತಡದ ಕೆಳಗೆ ಎರಡು ಲೋಹದ ಮುಖಗಳನ್ನು ಜಾರಿಸುತ್ತಿದೆ. ಜೊತೆಗೆ ಟ್ರಿಗರನ್ನು ವಾಪಸ್ ತಳ್ಳುವ ಸಣ್ಣ ಸ್ಪ್ರಿಂಗ್‌ನ ಬಲ. ಇಷ್ಟೇ ಲೆಕ್ಕ.

ಮಡಚುವ ನಳಿಗೆಯ ರೈಫಲ್‌ಗಳಲ್ಲಿ, ಉದಾಹರಣೆಗೆ ಎಚ್ ಅಂಡ್ ಆರ್ ಹ್ಯಾಂಡಿ ರೈಫಲ್‌ನಲ್ಲಿ, ಹಿಂಬದಿಯ ರಬ್ಬರ್ ಪ್ಯಾಡ್ ತೆಗೆದರೆ ಒಳಗೆ ಉದ್ದ ಬೋಲ್ಟ್ ಸಿಗುತ್ತದೆ. ಅದನ್ನು ಬಿಚ್ಚಿದರೆ ಹಿಡಿ ಕೈಗೆ ಬರುತ್ತದೆ. 1967ರಲ್ಲಿ ಬಂದ ರೂಗರ್ ನಂಬರ್ 1 ಬೇರೆ ಜಾತಿ. ಅದರಲ್ಲಿ ಕೆಳಗಿನ ಲಿವರ್ ತಳ್ಳಿದರೆ ತೋಟಾದ ಹಿಂಬದಿ ಮುಚ್ಚುವ ಬ್ಲಾಕ್ ಇಳಿಯುತ್ತದೆ, ಹ್ಯಾಮರ್ ಒಳಗೆ ಅಡಗಿರುತ್ತದೆ, ಮುಖ್ಯ ಸ್ಪ್ರಿಂಗ್ ನಳಿಗೆಯ ಕೆಳಗೆ, ಮುಂಗೈ ಮರದೊಳಗೆ ಇರುತ್ತದೆ. ಅದನ್ನು ಸುಮ್ನೆ ಎಳೆದರೆ ಸ್ಪ್ರಿಂಗ್ ಹಾರಿ ಕಣ್ಣಿಗೆ ಬಡಿಯಬಹುದು. ಹಾಗಾಗಿ ನಿಮ್ಮ ಮಾದರಿಯ ಕೈಪಿಡಿ ಮುಂದಿಟ್ಟುಕೊಳ್ಳಿ, ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ. ಪ್ರತಿ ಹೆಜ್ಜೆಗೂ ಫೋನ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಪಿನ್ ತಳ್ಳಲು ಅದರ ಅಳತೆಗೆ ಸರಿಯಾದ ಪಂಚ್ ಬೇಕು, ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ತಲೆ ಹಾಳಾದ ಸ್ಕ್ರೂಗಳು ಬಂದೂಕಿನ ಮೇಲೆ ಜೀವನಪೂರ್ತಿ ನಿಮ್ಮನ್ನು ಅಣಕಿಸುತ್ತವೆ.

ಒಳಗೆ ಸಾಮಾನ್ಯವಾಗಿ ಕಾಣುವುದು ಏನು ಗೊತ್ತಾ? ಗಟ್ಟಿಯಾದ ಹಳೇ ಎಣ್ಣೆ, ಅದಕ್ಕೆ ಅಂಟಿದ ಧೂಳು, ಮದ್ದಿನ ಮಸಿ, ಕಾರ್ಖಾನೆಯಿಂದಲೇ ಬಂದ ಲೋಹದ ಸಣ್ಣ ಚೂರುಗಳು. ಬಂದೂಕಿಗೆಂದೇ ಮಾಡಿದ ಸಾಲ್ವೆಂಟ್‌ನಲ್ಲಿ ಲೋಹದ ಭಾಗಗಳನ್ನು ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ ಒಣಗಿಸಿ. ಸಾಲ್ವೆಂಟ್ ಮರಕ್ಕೆ, ಪ್ಲಾಸ್ಟಿಕ್‌ಗೆ ತಾಗಬಾರದು, ಪಾಲಿಶ್ ಹೋಗುತ್ತದೆ. ಮತ್ತೆ ಜೋಡಿಸುವಾಗ ಪಿನ್‌ಗಳಿಗೆ ಒಂದು ತೊಟ್ಟು ತೆಳು ಎಣ್ಣೆ, ಸಿಯರ್ ಕಚ್ಚುವ ಜಾಗಕ್ಕೆ ಕಡ್ಡಿತುದಿಯಲ್ಲಿ ಹತ್ತುವಷ್ಟು ಮಾಲಿಬ್ಡಿನಮ್ ಗ್ರೀಸ್. ಅಷ್ಟೇ. ಎಣ್ಣೆ ಸುರಿದರೆ ಒಳ್ಳೆಯದು ಅನ್ನುವುದು ತಪ್ಪು ಲೆಕ್ಕ. ಚಳಿಯಲ್ಲಿ ಅದೇ ಎಣ್ಣೆ ದಪ್ಪವಾಗಿ ಹ್ಯಾಮರನ್ನು ನಿಧಾನ ಮಾಡುತ್ತದೆ.

ಜೋಡಿಸಿ ಮತ್ತೆ ಹತ್ತು ಸಲ ಅಳೆಯಿರಿ. ಎಷ್ಟೋ ಬಂದೂಕುಗಳ ಕತೆ ಇಲ್ಲಿಗೇ ಮುಗಿಯುತ್ತದೆ. ತೃಪ್ತಿ ಆಯಿತಾ? ಹಾಗಿದ್ದರೆ ಮುಂದಿನದ್ದೆಲ್ಲ ಬಿಟ್ಟು ಸೀದಾ ಪರೀಕ್ಷೆಗಳಿಗೆ ಹೋಗಿ.

ಎಲ್ಲಿ ಉಜ್ಜುತ್ತಿದೆ?

ಕಪ್ಪು ಪರ್ಮನೆಂಟ್ ಮಾರ್ಕರ್ ತಗೊಳ್ಳಿ. ಟ್ರಿಗರ್‌ನ ಎರಡೂ ಪಕ್ಕ, ಹ್ಯಾಮರ್‌ನ ಎರಡೂ ಪಕ್ಕ, ಸ್ಪ್ರಿಂಗ್ ತಾಗುವ ಜಾಗ, ಎಲ್ಲಕ್ಕೂ ಬಳಿಯಿರಿ. ಜೋಡಿಸಿ, ಡಮ್ಮಿ ತೋಟಾ ಹಾಕಿ ಇಪ್ಪತ್ತು ಸಲ ಹ್ಯಾಮರ್ ಎಳೆದು ಬಿಡಿ. ಮತ್ತೆ ಬಿಚ್ಚಿ ನೋಡಿ. ಮಸಿ ಅಳಿಸಿ ಹೊಳೆಯುವ ಲೋಹ ಕಾಣುವ ಜಾಗವೇ ತಿಕ್ಕಾಟದ ಜಾಗ.

ಪಕ್ಕಗಳಲ್ಲಿ ಅಂಚು ಎದ್ದಿದ್ದರೆ ದಪ್ಪ ಗಾಜಿನ ಮೇಲೆ 800 ನಂಬರಿನ ನೀರುಕಾಗದ (ಬಹಳ ನಯವಾದ ಉಪ್ಪುಕಾಗದ) ಇಟ್ಟು, ಭಾಗವನ್ನು ಮಟ್ಟಸವಾಗಿ ಒತ್ತಿ ನಾಲ್ಕಾರು ಸಲ ಎಳೆಯಿರಿ. ಎದ್ದ ಚೂರು ಹೋದರೆ ಸಾಕು. ಯಂತ್ರದ ಗೆರೆಗಳೆಲ್ಲ ಮಾಯವಾಗಿ ಕನ್ನಡಿಯ ಹಾಗೆ ಹೊಳೆಯಬೇಕು ಅಂತ ಹಟ ಹಿಡಿಯಬೇಡಿ, ತೂತು ಪಿನ್‌ಗಿಂತ ಸಡಿಲವಾದರೆ ಅಥವಾ ಭಾಗ ತೆಳುವಾದರೆ ಅದು ಪಕ್ಕಕ್ಕೆ ಅಲ್ಲಾಡತೊಡಗುತ್ತದೆ. ಪಿನ್‌ಗಳು ಒರಟಾಗಿದ್ದರೆ ಡ್ರಿಲ್ ಯಂತ್ರದ ಬಾಯಿಗೆ ಕಚ್ಚಿಸಿ, ನಿಧಾನ ತಿರುಗಿಸುತ್ತ 1000 ನಂಬರಿನ ಕಾಗದ ಹಿಡಿಯಿರಿ. ಹೊಳಪು ಬರಬೇಕು, ದಪ್ಪ ಕಡಿಮೆಯಾಗಬಾರದು. ಮುಖ್ಯ ಸ್ಪ್ರಿಂಗ್ ಒಳಗೆ ಓಡುವ ಕಡ್ಡಿ ಇದ್ದರೆ ಅದಕ್ಕೂ ಇದೇ ಉಪಚಾರ. ಅದು ಒರಟಿದ್ದರೆ ಹ್ಯಾಮರ್ ಎಳೆಯುವಾಗ ಕರಕರ ಅನ್ನುತ್ತದೆ.

ಇಡೀ ಲೇಖನದಲ್ಲಿ ಎಲ್ಲೂ ಗ್ರೈಂಡರ್, ಡ್ರೆಮೆಲ್ (ಕೈಯಲ್ಲಿ ಹಿಡಿಯುವ ಸಣ್ಣ ಸಾಣೆಯಂತ್ರ) ಬಳಸಿ ಅಂತ ಬರೆದಿಲ್ಲ, ಗಮನಿಸಿ. ಆ ಯಂತ್ರ ಕೆಲಸದ ಮೇಜಿನ ಮೇಲೆ ಇರಲೇ ಬಾರದು.

ಸ್ಪ್ರಿಂಗ್ ವಿಚಾರ

ಎರಡು ಸ್ಪ್ರಿಂಗ್ ಇವೆ ಅಂದೆ. ಟ್ರಿಗರ್ ವಾಪಸ್ ತಳ್ಳುವ ಸಣ್ಣ ಸ್ಪ್ರಿಂಗನ್ನು ನಿಮ್ಮ ಮಾದರಿಗೆಂದೇ ತಯಾರಾದ ಹಗುರ ಸ್ಪ್ರಿಂಗ್‌ಗೆ ಬದಲಿಸಬಹುದು. ಹಲವು ಮಾದರಿಗಳಿಗೆ ಇಂಥ ಕಿಟ್‌ಗಳು ಸಿಗುತ್ತವೆ. ಬದಲಿಸಿದ ಮೇಲೆ ಒಂದು ವಿಷಯ ನೋಡಲೇಬೇಕು: ಟ್ರಿಗರ್ ಬಿಟ್ಟ ಕೂಡಲೇ ಪೂರ್ತಿ ಮುಂದಕ್ಕೆ ಚಟ್ಟನೆ ಬರುತ್ತದಾ? ಹ್ಯಾಮರ್ ಹೊರಗಿರುವ ಹಲವು ಆಧುನಿಕ ರೈಫಲ್‌ಗಳಲ್ಲಿ ಟ್ರಾನ್ಸ್‌ಫರ್ ಬಾರ್ ಅನ್ನುವ ಪಟ್ಟಿ ಇದೆ. ಟ್ರಿಗರ್ ಒತ್ತಿದಾಗ ಮಾತ್ರ ಅದು ಮೇಲೆದ್ದು ಹ್ಯಾಮರ್‌ನ ಏಟನ್ನು ತೋಟಾದ ತಳಕ್ಕೆ ಚುಚ್ಚುವ ಫೈರಿಂಗ್ ಪಿನ್‌ಗೆ ಮುಟ್ಟಿಸುತ್ತದೆ. ಬೆರಳು ತೆಗೆದರೆ ಕೆಳಗೆ ಇಳಿಯಬೇಕು. ಸ್ಪ್ರಿಂಗ್ ದುರ್ಬಲವಾಗಿ ಟ್ರಿಗರ್ ಅರ್ಧಕ್ಕೆ ನಿಂತರೆ ಆ ಪಟ್ಟಿಯೂ ಮೇಲೇ ಉಳಿಯಬಹುದು. ಆಗ ಆ ಸುರಕ್ಷತೆ ಇದ್ದೂ ಇಲ್ಲದ ಹಾಗೆ.

ಮುಖ್ಯ ಸ್ಪ್ರಿಂಗ್ ತಂಟೆಗೆ ಹೋಗಬೇಡಿ. ಅದನ್ನು ಹಗುರ ಮಾಡಿದರೆ ಟ್ರಿಗರ್ ಹಗುರ ಆಗುತ್ತದೆ ನಿಜ. ಆದರೆ ಫೈರಿಂಗ್ ಪಿನ್‌ನ ಏಟು ಕೂಡ ಹಗುರ ಆಗುತ್ತದೆ. ಮನೆಯಲ್ಲಿ ಎಲ್ಲ ಚೆನ್ನಾಗಿರುತ್ತದೆ, ಚಳಿಯ ಬೆಳಗ್ಗೆ ಬರೀ ‘ಟಕ್’ ಅನ್ನುತ್ತದೆ, ತೋಟಾ ಹಾರುವುದಿಲ್ಲ. ಸ್ಪ್ರಿಂಗ್‌ನ ಸುತ್ತು ಕತ್ತರಿಸುವುದು, ಕಾಯಿಸಿ ಬಗ್ಗಿಸುವುದು, ಇವೆಲ್ಲ ಬೇಡ. ಯಾವುದೇ ಸ್ಪ್ರಿಂಗ್ ಬದಲಿಸಿದರೂ ಹಳೆಯದನ್ನು ಚೀಟಿ ಬರೆದು ಕವರ್‌ನಲ್ಲಿ ಎತ್ತಿಡಿ.

ಹೊಂದಾಣಿಕೆ ಸ್ಕ್ರೂಗಳು

ಥಾಂಪ್ಸನ್ ಸೆಂಟರ್ ಕಂಟೆಂಡರ್‌ನಂಥ ಕೆಲವು ಮಾದರಿಗಳಲ್ಲಿ ಕಾರ್ಖಾನೆಯವರೇ ಹೊಂದಾಣಿಕೆ ಸ್ಕ್ರೂ ಕೊಟ್ಟಿರುತ್ತಾರೆ. ಕೈಪಿಡಿಯಲ್ಲಿ ಯಾವ ಸ್ಕ್ರೂ ಯಾವುದಕ್ಕೆ ಅಂತ ಇರುತ್ತದೆ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲಕ್ಕೆ ತಿರುಗಿಸಬೇಡಿ, ಪ್ರತಿ ಸಲವೂ ಕೆಳಗೆ ಹೇಳುವ ಪರೀಕ್ಷೆ ಮಾಡಿ.

ಹ್ಯಾಮರ್ ಬಿದ್ದ ಮೇಲೂ ಟ್ರಿಗರ್ ಹಿಂದಕ್ಕೆ ಚಲಿಸುವುದನ್ನು ತಡೆಯುವ ಸ್ಕ್ರೂ ಕೂಡ ಕೆಲವಲ್ಲಿ ಇರುತ್ತದೆ. ಇದನ್ನು ಬಿಗಿ ಮಾಡಿದಷ್ಟೂ ಟ್ರಿಗರ್ ಅಚ್ಚುಕಟ್ಟು ಅನ್ನಿಸುತ್ತದೆ, ಅದೇ ಅಪಾಯ. ತೀರಾ ಬಿಗಿ ಮಾಡಿದರೆ ಸಿಯರ್ ಪೂರ್ತಿ ದಾರಿ ಬಿಡುವುದಿಲ್ಲ. ಬೀಳುವ ಹ್ಯಾಮರ್‌ನ ಅರ್ಧ ಕಚ್ಚು (ಹ್ಯಾಮರನ್ನು ಅರ್ಧದಾರಿಯಲ್ಲಿ ನಿಲ್ಲಿಸುವ ಕಚ್ಚು) ಸಿಯರ್‌ನ ತುದಿಗೆ ಬಡಿಯುತ್ತದೆ, ಅಂಚು ಮುರಿಯುತ್ತದೆ. ಹ್ಯಾಮರ್ ಸ್ವಚ್ಛವಾಗಿ ಬೀಳುವ ಜಾಗ ಹುಡುಕಿ, ಅಲ್ಲಿಂದ ಅರ್ಧ ಸುತ್ತು ಸಡಿಲ ಬಿಡಿ. ಸ್ಕ್ರೂ ತಾನಾಗಿ ತಿರುಗದ ಹಾಗೆ ಎಣ್ಣೆ ಒರೆಸಿ, ನೀಲಿ ಬಣ್ಣದ ಥ್ರೆಡ್ ಲಾಕರ್‌ನ ಒಂದು ಹನಿ ಹಾಕಿ. ಕೆಂಪು ಬೇಡ, ಮುಂದೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ.

ಸಿಯರ್ ಮುಖ: ಇಲ್ಲಿ ಕೈ ಹಿಂದೆ

ಸಾಣೆಕಲ್ಲು ಹಿಡಿದು ಸಿಯರ್ ಉಜ್ಜುವ ವಿಡಿಯೋಗಳು ಬೇಕಾದಷ್ಟಿವೆ. ಹತ್ತು ನಿಮಿಷದಲ್ಲಿ ಒಂದೂವರೆ ಕಿಲೋ ಕಡಿಮೆ! ನೋಡಲು ಸುಲಭ. ಯಾಕೆ ಬೇಡ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಕೋನ. ಸುರಕ್ಷಿತವಾದ ಟ್ರಿಗರ್‌ನಲ್ಲಿ ಕಚ್ಚು ಮತ್ತು ಸಿಯರ್ ಸೇರುವ ಕೋನ ಹೇಗಿರುತ್ತದೆ ಅಂದರೆ, ಟ್ರಿಗರ್ ಎಳೆಯುವಾಗ ಹ್ಯಾಮರ್ ಕೂದಲೆಳೆಯಷ್ಟು ಹಿಂದಕ್ಕೆ ಹೋಗಿ ಆಮೇಲೆ ಬೀಳುತ್ತದೆ. ಅಂದರೆ ಮುಖ್ಯ ಸ್ಪ್ರಿಂಗ್ ಯಾವಾಗಲೂ ಸಿಯರನ್ನು ಕಚ್ಚಿನ ಒಳಕ್ಕೇ ದೂಡುತ್ತಿರುತ್ತದೆ. ಅರ್ಧ ಎಳೆದು ಬಿಟ್ಟರೂ ಅದು ವಾಪಸ್ ಒಳಗೆ ಕೂರುತ್ತದೆ. ಟ್ರಿಗರ್ ಬಿಗಿ ಇರುವುದಕ್ಕೆ ಇದೂ ಒಂದು ಕಾರಣ, ಒಳ್ಳೆಯ ಕಾರಣ. ಕೈಯಲ್ಲಿ ಕಲ್ಲು ಹಿಡಿದು ಉಜ್ಜಿದರೆ ಕೋನ ಒಂದೆರಡು ಡಿಗ್ರಿ ವಾಲುವುದು ಕಣ್ಣಿಗೆ ಕಾಣುವುದೇ ಇಲ್ಲ. ಅದು ತಪ್ಪು ಕಡೆ ವಾಲಿದರೆ ಅದೇ ಸ್ಪ್ರಿಂಗ್ ಈಗ ಸಿಯರನ್ನು ಹೊರಕ್ಕೆ ದೂಡತೊಡಗುತ್ತದೆ. ಟ್ರಿಗರ್ ಬೆಣ್ಣೆಯ ಹಾಗೆ ಅನ್ನಿಸುತ್ತದೆ. ಒಂದು ದಿನ ಬಂದೂಕನ್ನು ನೆಲಕ್ಕೆ ಊರಿದಾಗ ತಾನಾಗಿ ಹಾರುತ್ತದೆ.

ಎರಡನೆಯದು ಉಕ್ಕಿನ ಮೇಲ್ಪದರ. ಹಲವು ಬಂದೂಕುಗಳ ಹ್ಯಾಮರ್, ಟ್ರಿಗರ್‌ಗಳ ಮೇಲ್ಮೈ ಮಾತ್ರ ಗಟ್ಟಿ ಮಾಡಿರುತ್ತಾರೆ. ಒಳಗಿನ ಲೋಹ ಮೆತ್ತಗೆ. ಆ ಗಟ್ಟಿ ಪದರ ಮಿಲಿಮೀಟರ್‌ನ ಸಣ್ಣ ಪಾಲು ಮಾತ್ರ. ಅದನ್ನು ಉಜ್ಜಿ ದಾಟಿದರೆ ಟ್ರಿಗರ್ ಇವತ್ತು ಚೆನ್ನಾಗಿದೆ, ನೂರು ಗುಂಡು ಆದ ಮೇಲೆ ಅಂಚು ಸವೆದು ದುಂಡಾಗಿದೆ. ಪಾಲಿಶ್ ಪೇಸ್ಟ್ ಹಚ್ಚಿದ ಬಟ್ಟೆಯ ಚಕ್ರ ಕೂಡ ಇದೇ ಅಂಚನ್ನು ದುಂಡಗೆ ಮಾಡುತ್ತದೆ.

ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ಗಳು ಈ ಕೆಲಸಕ್ಕೆ ಕೋನ ಹಿಡಿದಿಡುವ ಜಿಗ್ ಬಳಸುತ್ತಾರೆ, ಭೂತಗನ್ನಡಿಯಲ್ಲಿ ನೋಡುತ್ತಾರೆ, ಬೇಕಾದರೆ ಮತ್ತೆ ಗಟ್ಟಿ ಮಾಡಿಕೊಡುತ್ತಾರೆ. ತೊಳೆದು, ತಿಕ್ಕಾಟ ತೆಗೆದು, ಸ್ಪ್ರಿಂಗ್ ಬದಲಿಸಿದ ಮೇಲೂ ಟ್ರಿಗರ್ 2.5 ಕಿಲೋದಲ್ಲೇ ನಿಂತಿದ್ದರೆ ಅವರ ಬಳಿ ಹೋಗಿ. ನೀವು ಬರೆದಿಟ್ಟ ಅಳತೆಗಳನ್ನೂ ತೋರಿಸಿ, ಅವರ ಅರ್ಧ ಕೆಲಸ ಉಳಿಯುತ್ತದೆ.

ಇನ್ನೊಂದು ಹಳೆಯ ದಾರಿಯೂ ಇದೆ, ಸೆಟ್ ಟ್ರಿಗರ್. ಶಾರ್ಪ್ಸ್ ಮಾದರಿಯ ರೈಫಲ್‌ಗಳಲ್ಲಿ ಎರಡು ಟ್ರಿಗರ್ ಇರುವುದನ್ನು ನೋಡಿರಬಹುದು. ಹಿಂದಿನದನ್ನು ಎಳೆದು ಸೆಟ್ ಮಾಡಿದರೆ ಮುಂದಿನದು ಬಹಳ ಹಗುರವಾಗಿ ಬಿಡುತ್ತದೆ, ಸೆಟ್ ಮಾಡದಿದ್ದರೆ ಬಿಗಿಯಾಗೇ ಇರುತ್ತದೆ. ಗುರಿ ಹಿಡಿದ ಮೇಲೆ ಮಾತ್ರ ಸೆಟ್ ಮಾಡಬೇಕು. ಸೆಟ್ ಮಾಡಿಕೊಂಡು ಒಂದು ಹೆಜ್ಜೆಯನ್ನೂ ಇಡಬಾರದು.

ಪರೀಕ್ಷೆಗಳು

ಏನೇ ಮುಟ್ಟಿರಲಿ, ಬರೀ ತೊಳೆದಿದ್ದರೂ ಇವನ್ನು ಮಾಡದೆ ತೋಟಾ ಹಾಕಬೇಡಿ. ಎಲ್ಲವೂ ಖಾಲಿ ಬಂದೂಕಿನಲ್ಲಿ, ಡಮ್ಮಿ ತೋಟಾದೊಂದಿಗೆ.

1. ಹ್ಯಾಮರ್ ಹೊರಗಿದ್ದರೆ ಅದನ್ನು ಪೂರ್ತಿ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಹ್ಯಾಮರನ್ನು ಬಲವಾಗಿ ಮುಂದಕ್ಕೆ ದೂಡಿ. ಬಿದ್ದರೆ ಕತೆ ಮುಗಿಯಿತು, ಬಂದೂಕು ಗನ್‌ಸ್ಮಿತ್ ಬಳಿಗೆ. ಹ್ಯಾಮರ್ ಒಳಗಿರುವ ಮಾದರಿಗಳಿಗೆ ಇದು ಆಗುವುದಿಲ್ಲ, ಮುಂದಿನದನ್ನು ಇನ್ನೂ ಜಾಸ್ತಿ ಸಲ ಮಾಡಿ.

2. ಹ್ಯಾಮರ್ ಎಳೆದು, ದಪ್ಪ ರಬ್ಬರ್ ಮ್ಯಾಟ್ ಮೇಲೆ ಹಿಡಿಯ ತುದಿಯನ್ನು ಕೆಲವು ಇಂಚು ಎತ್ತರದಿಂದ ಕುಟ್ಟಿ. ಆಮೇಲೆ ರಬ್ಬರ್ ಸುತ್ತಿಗೆಯಿಂದ ಎಡ, ಬಲ, ಮೇಲೆ, ಕೆಳಗೆ ತಟ್ಟಿ. ಹತ್ತು ಸಲದಲ್ಲಿ ಒಂದು ಸಲ ಬಿದ್ದರೂ ಫೇಲ್ ಅಂತಲೇ ಲೆಕ್ಕ.

3. ಸೇಫ್ಟಿ (ಗುಂಡು ಹಾರದ ಹಾಗೆ ತಡೆಯುವ ಗುಂಡಿ) ಇದ್ದರೆ ಅದನ್ನು ಹಾಕಿ ಟ್ರಿಗರನ್ನು ಜೋರಾಗಿ ಎಳೆದು ಬಿಡಿ. ಬೆರಳು ದೂರ ತೆಗೆದು ಸೇಫ್ಟಿ ಬಿಡಿಸಿ. ಹ್ಯಾಮರ್ ಆ ಕ್ಷಣ ಬೀಳಬಾರದು. ಒಳಗೆ ಸಿಯರ್ ಅಂಚಿಗೆ ಬಂದು ನಿಂತಿದ್ದರೆ ಇಲ್ಲಿ ಬಯಲಾಗುತ್ತದೆ. ಇದು ನಿಜಕ್ಕೂ ಭಯ ಹುಟ್ಟಿಸುವ ದೋಷ, ಯಾಕೆಂದರೆ ಆ ಕ್ಷಣ ನೀವು ಟ್ರಿಗರ್ ಮುಟ್ಟಿಯೇ ಇರುವುದಿಲ್ಲ.

4. ಅರ್ಧ ಕಚ್ಚು ಇರುವ ಬಂದೂಕಾದರೆ ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸಿ ಟ್ರಿಗರ್ ಎಳೆಯಿರಿ. ಬೀಳಬಾರದು. ಟ್ರಾನ್ಸ್‌ಫರ್ ಬಾರ್ ಇದ್ದರೆ ಟ್ರಿಗರ್ ಬಿಟ್ಟಾಗ ಅದು ಇಳಿಯುವುದನ್ನು ಕಣ್ಣಾರೆ ನೋಡಿ.

5. ಟ್ರಿಗರನ್ನು ಅರ್ಧ ಎಳೆದು ಬಿಡಿ, ಮತ್ತೆ ಹಾಗೇ ಮಾಡಿ. ಪ್ರತಿ ಸಲ ಮೊದಲ ಜಾಗಕ್ಕೇ ವಾಪಸ್ ಬರಬೇಕು.

ಎಲ್ಲ ಪಾಸ್ ಆದರೆ ಗುಂಡು ಹಾರಿಸುವ ರೇಂಜ್‌ಗೆ ಹೋಗಿ. ಮೂತಿ ಗುರಿ ದಿಬ್ಬದ ಕಡೆ ಇರುವಾಗಲೇ ತೋಟಾ ಹಾಕಿ, ಬಂದೂಕು ಮುಚ್ಚುವಾಗ ಬೆರಳು ಟ್ರಿಗರ್‌ನಿಂದ ದೂರ. ಮೊದಲ ಹತ್ತಿಪ್ಪತ್ತು ಗುಂಡುಗಳಲ್ಲಿ ನೋಡಬೇಕಾದದ್ದು ಗುರಿಯನ್ನಲ್ಲ, ಹಾರಿದ ತೋಟಾದ ತಳವನ್ನು. ಪ್ರೈಮರ್ (ಮದ್ದನ್ನು ಹೊತ್ತಿಸುವ ತಳದ ಬಿಲ್ಲೆ) ಮೇಲಿನ ಗುಳಿ ಆಳವಾಗಿ, ನಡುವೆ, ಎಲ್ಲದರಲ್ಲೂ ಒಂದೇ ರೀತಿ ಇರಬೇಕು. ಮೊದಲಿನ ಖಾಲಿ ತೋಟಾ ಒಂದೆರಡು ಎತ್ತಿಟ್ಟಿದ್ದರೆ ಹೋಲಿಸಲು ಸುಲಭ.

ಟ್ರಿಗರ್ ಬದಲಾದ ಮೇಲೆ ಬೆರಳಿಗೂ ಹೊಸ ಪಾಠ ಬೇಕು. ಬಿಗಿ ಟ್ರಿಗರ್‌ಗೆ ಒಗ್ಗಿದ ಬೆರಳು ಮೊದಲ ದಿನಗಳಲ್ಲಿ ನೀವು ಅಂದುಕೊಳ್ಳುವ ಮುಂಚೆಯೇ ಎಳೆದುಬಿಡುತ್ತದೆ. ಮನೆಯಲ್ಲಿ ಡಮ್ಮಿ ತೋಟಾ ಹಾಕಿ, ಸುರಕ್ಷಿತ ದಿಕ್ಕಿಗೆ ಮೂತಿ ಮಾಡಿ ದಿನಾ ಸ್ವಲ್ಪ ಅಭ್ಯಾಸ ಮಾಡಿ. ರಿಮ್‌ಫೈರ್, ಅಂದರೆ ಪಿನ್ ತೋಟಾದ ತಳದ ಅಂಚಿಗೆ ಬಡಿಯುವ ರೈಫಲ್ ಆಗಿದ್ದರೆ ಡಮ್ಮಿ ಇಲ್ಲದೆ ಖಾಲಿ ಹೊಡೆಯಬೇಡಿ, ಹಲವು ಮಾದರಿಗಳಲ್ಲಿ ಫೈರಿಂಗ್ ಪಿನ್ ಕೋಣೆಯ ಅಂಚಿಗೇ ಬಡಿದು ಎರಡೂ ಹಾಳಾಗುತ್ತವೆ.

ಐವತ್ತು ಗುಂಡು ಆದ ಮೇಲೆ ಬಾಟಲಿ, ಕೊಕ್ಕೆ ಮತ್ತೆ ಹೊರಗೆ ತೆಗೆಯಿರಿ. ಸ್ವಲ್ಪ ನಯವಾಗಿ ನೂರಿನ್ನೂರು ಗ್ರಾಂ ಇಳಿದಿದ್ದರೆ ಅದು ಭಾಗಗಳು ಒಂದಕ್ಕೊಂದು ಒಗ್ಗಿದ ಲಕ್ಷಣ. ಅರ್ಧ ಕಿಲೋ ಇಳಿದಿದ್ದರೆ ಏನೋ ಸವೆಯುತ್ತಿದೆ. ಆ ಬಂದೂಕಿಗೆ ತೋಟಾ ಹಾಕುವುದನ್ನು ನಿಲ್ಲಿಸಿ, ಗನ್‌ಸ್ಮಿತ್‌ಗೆ ತೋರಿಸಿ.